ಕೇಳಿಸಲಿ ಅಂತ ಮಾಡಿದ್ದು

ನಮ್ಮ ಗೆಳೆಯರ ಗುಂಪಿನಲ್ಲಿ ವಾರಕ್ಕೊಮ್ಮೆಯಾದರೂ ಈ ಮಾತು ಬಂದೇ ಬರುತ್ತದೆ: "ಅಂಥದ್ದನ್ನ ಈಗ ಮಾಡಲ್ಲ ಗುರೂ." ಮಾತು ಅಜ್ಜಿ ಕಾಲದ ಒರಳುಕಲ್ಲಿನ ಬಗ್ಗೆ ಅಲ್ಲ, ಎಚ್‌ಎಂಟಿ ವಾಚಿನ ಬಗ್ಗೆಯೂ ಅಲ್ಲ. ಬೇಸ್ ಗಿಟಾರ್ ಬಗ್ಗೆ. ಅದರಲ್ಲೂ ಅಮೆರಿಕದಲ್ಲಿ ತಯಾರಾಗಿ, ಈಗ ತಯಾರಿಕೆ ನಿಂತುಹೋಗಿರುವ ಬೇಸ್ ಗಿಟಾರ್‌ಗಳ ಬಗ್ಗೆ. ಗುಂಪಿನವರೆಲ್ಲ ಬೆಂಗಳೂರಿನಲ್ಲಿ ಕೆಲಸಕ್ಕಿರುವವರು. ಶನಿವಾರ ಸಂಜೆ ಗಂಟೆಗಿಷ್ಟು ಅಂತ ಬಾಡಿಗೆ ಕೊಟ್ಟು ಒಂದು ರೂಮಿನಲ್ಲಿ ಸೇರಿ, ಎರಡು ಗಂಟೆ ನುಡಿಸಿ, ದೋಸೆ ತಿಂದು ಮನೆಗೆ ಹೋಗುವವರು. ನಾನೂ ಅವರಲ್ಲೊಬ್ಬ.

ಬೇಸ್ ಗಿಟಾರ್ ಪರಿಚಯವಿಲ್ಲದವರಿಗೆ ಒಂದು ಮಾತು. ನಾಲ್ಕು ದಪ್ಪ ತಂತಿ, ಉದ್ದನೆಯ ಕುತ್ತಿಗೆ. ಹಾಡಿನ ತಳದಲ್ಲಿ ಗುಂಯ್ ಅಂತ ನಡೆದುಹೋಗುವ ಸದ್ದು ಅದರದ್ದು. 1981ರ 'ಗೀತಾ' ಚಿತ್ರದ ಹಾಡುಗಳನ್ನು ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಕೇಳಿ, ಇಳಯರಾಜ ಅದಕ್ಕೆ ಎಷ್ಟು ಜಾಗ ಬಿಟ್ಟುಕೊಟ್ಟಿದ್ದಾರೆ ಅಂತ ಗೊತ್ತಾಗುತ್ತದೆ. ಇದ್ದಾಗ ಯಾರೂ ಗಮನಿಸಲ್ಲ. ತೆಗೆದರೆ ಹಾಡು ಪೊಳ್ಳಾಗುತ್ತದೆ, ಆದರೆ ಯಾಕೆ ಪೊಳ್ಳಾಯಿತು ಅಂತ ಹೇಳೋಕೆ ಹೆಚ್ಚಿನವರಿಗೆ ಆಗಲ್ಲ.

ಈ ವಾದ್ಯದ ಭಕ್ತರಿಗೆ ತಮ್ಮದೇ ಪಂಚಾಂಗ ಇದೆ. 1965ರಲ್ಲಿ ಫೆಂಡರ್ ಕಂಪನಿಯನ್ನು ಸಿಬಿಎಸ್ ಅನ್ನೋ ದೊಡ್ಡ ಪ್ರಸಾರ ಸಂಸ್ಥೆ ಕೊಂಡುಕೊಂಡಿತು. ಅದಕ್ಕೆ ಮುಂಚಿನದೆಲ್ಲ ಕೃತಯುಗ, ಆಮೇಲಿನದು ಕಲಿಯುಗ. ಇನ್ನೊಂದು ಪಂಗಡದವರಿಗೆ ಪೀವಿ ಕಂಪನಿಯ ಟಿ-40 ಅಂದರೆ ಪ್ರಾಣ. ಮಿಸಿಸಿಪಿ ರಾಜ್ಯದ ಮೆರಿಡಿಯನ್ ಅನ್ನೋ ಊರಿನಲ್ಲಿ 1978ರಿಂದ 1987ರವರೆಗೆ ತಯಾರಾದ, ಕಲ್ಲುಗುಂಡಿನಷ್ಟು ಭಾರದ ಬೇಸ್ ಅದು. ಎಲ್ಲೋ ಒಂದು ಮಾರಾಟಕ್ಕಿದೆ ಅಂತ ಗೊತ್ತಾದರೆ ಸಾಕು, ಗುಂಪಿನಲ್ಲಿ ಮಧ್ಯರಾತ್ರಿವರೆಗೆ ಚರ್ಚೆ.

ಇದನ್ನು ಹುಚ್ಚು ಅಂತ ತಳ್ಳಿಹಾಕುವುದು ಸುಲಭ. ನನಗೆ ಹಾಗೆ ಅನ್ನಿಸಿಲ್ಲ. ಒಂದು ವಸ್ತು ನಿಂತುಹೋಯಿತಲ್ಲ ಅಂತ ಮರುಗುವವನಲ್ಲಿ ಏನೋ ಒಂದು ನಿಷ್ಠೆ ಇರುತ್ತದೆ. ನನ್ನ ಪ್ರಶ್ನೆ ಬೇರೆ. ಹೀಗೆ ಹಳಹಳಿಸುವಾಗ ನಾವು ನಿಜವಾಗಿ ಯಾವುದಕ್ಕೆ ಮರುಗುತ್ತಿದ್ದೇವೆ? ವಸ್ತುವಿಗೋ, ಅದನ್ನು ಮಾಡಿದ ಕೈಗೋ, ಅದನ್ನು ನುಡಿಸಿದವನಿಗೋ? ಮತ್ತೆ, ಆ ಮರುಕ ನಮ್ಮ ಮೇಲೆ ಏನಾದರೂ ಋಣ ಹೊರಿಸುತ್ತದಾ?

ಇದಕ್ಕೆ ಉತ್ತರ ಹುಡುಕೋಕೆ ಕ್ಯಾಲಿಫೋರ್ನಿಯಾಗೆ ಹೋಗಬೇಕಾಗಿಲ್ಲ. ನಾನು ನಂಜನಗೂಡಿನವನು. ನಮ್ಮೂರಿನ ಕಪಿಲೆ ಸುತ್ತೂರು ದಾಟಿಕೊಂಡು ಹೋಗಿ ಟಿ. ನರಸೀಪುರದಲ್ಲಿ ಕಾವೇರಿಗೆ ಸೇರುತ್ತಾಳೆ. ಅಲ್ಲಿ ಎರಡು ನದಿ ಕೂಡುವ ಮೂಲೆಯಲ್ಲಿರುವ ಊರೇ ತಿರುಮಕೂಡಲು. ಪಿಟೀಲು ಚೌಡಯ್ಯನವರು 1895ರಲ್ಲಿ ಹುಟ್ಟಿದ್ದು ಅಲ್ಲಿ. ಅವರ ಕೀರ್ತನೆಗಳ ಅಂಕಿತ 'ತ್ರಿಮಕುಟ' ಕೂಡ ಊರಿನ ಹೆಸರಿನದ್ದೇ. ತಯಾರಿಕೆ ನಿಂತುಹೋದ ವಾದ್ಯ ಅಂತ ಹುಡುಕಿದರೆ ನಮ್ಮ ಸೀಮೆಯಲ್ಲಿ ಮೊದಲು ಸಿಗುವುದು ಅವರ ಏಳು ತಂತಿಯ ಪಿಟೀಲು.

ಪಿಟೀಲಿಗೆ ನಾಲ್ಕೇ ತಂತಿ. ಚೌಡಯ್ಯನವರು 1927ರ ಸುಮಾರಿಗೆ ಅದರಲ್ಲಿ ಮೂರು ತಂತಿಗಳಿಗೆ ಒಂದೊಂದು ಜೊತೆ ತಂತಿ ಕಟ್ಟಿ ಏಳು ಮಾಡಿಕೊಂಡರು. ಶೋಕಿಗೆ ಅಲ್ಲ. ಆಗ ಕಛೇರಿಗಳಲ್ಲಿ ಮೈಕು ಇರಲಿಲ್ಲ. ರಾಮೋತ್ಸವದ ಚಪ್ಪರ, ದೇವಸ್ಥಾನದ ಅಂಗಳ, ಸಾವಿರಾರು ಜನ. ಮುಂದೆ ಹಾಡುವವರದು ಕಂಚಿನ ಕಂಠ, ಪಕ್ಕದಲ್ಲಿ ಮೃದಂಗ. ಅದರ ಮೇಲೆ, ನಮ್ಮ ಸಂಗೀತದಲ್ಲಿ ಪಿಟೀಲನ್ನು ಹಾಡುವವರ ಶ್ರುತಿಗೆ ತಕ್ಕಂತೆ ಇಳಿಸಿ ಕಟ್ಟುತ್ತಾರೆ. ತಂತಿ ಸಡಿಲವಾದಷ್ಟೂ ಸದ್ದು ಮೆತ್ತಗಾಗುತ್ತದೆ. ಹಿಂದಿನ ಸಾಲಿನಲ್ಲಿ ಕೂತವನಿಗೆ ಕಮಾನು ಆಡುವುದು ಕಾಣುತ್ತದೆ, ನಾದ ಮುಟ್ಟಲ್ಲ. ಜೊತೆ ತಂತಿ ಹಾಕಿದ್ದು ಆ ಹಿಂದಿನ ಸಾಲಿಗೆ.

ಏಳು ತಂತಿ ನುಡಿಸುವುದು ಹೇಳಿದಷ್ಟು ಸಲೀಸಲ್ಲ. ಒಂದು ಬೆರಳಿನಿಂದ ಎರಡು ತಂತಿಯನ್ನು ಒಂದೇ ಜಾಗದಲ್ಲಿ ಒತ್ತಬೇಕು. ಎರಡರಲ್ಲಿ ಒಂದು ಕೂದಲೆಳೆಯಷ್ಟು ಇಳಿದರೂ ಅಪಸ್ವರ. ಬಿರಡೆ ಜಾಸ್ತಿ, ಶ್ರುತಿ ಮಾಡುವ ಕೆಲಸ ಜಾಸ್ತಿ. ಅಷ್ಟೆಲ್ಲ ಕಷ್ಟ ಮೈಮೇಲೆ ಎಳೆದುಕೊಂಡು ಅವರು ಚೆಂಬೈ, ಅರಿಯಾಕುಡಿ ಅವರಂಥ ದೊಡ್ಡವರಿಗೆ ಪಕ್ಕವಾದ್ಯ ನುಡಿಸಿದರು. 1957ರಲ್ಲಿ ಮದ್ರಾಸಿನ ಸಂಗೀತ ಅಕಾಡೆಮಿಯಿಂದ ಸಂಗೀತ ಕಲಾನಿಧಿ ಆದರು.

ಈಗ ಅಮೆರಿಕಕ್ಕೆ ಬನ್ನಿ. ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಮನುಷ್ಯ. ತನಗೆ ಗಿಟಾರ್ ನುಡಿಸೋಕೆ ಬರುತ್ತಿರಲಿಲ್ಲ. ಅವನ ಕಾಲದ ಬ್ಯಾಂಡುಗಳಲ್ಲಿ ತಳದ ಸ್ವರ ನುಡಿಸುತ್ತಿದ್ದದ್ದು ಆಳೆತ್ತರದ ಡಬಲ್ ಬೇಸ್. ಅದನ್ನು ಕಾರಿನಲ್ಲಿ ಸಾಗಿಸುವುದೇ ಒಂದು ಕಷ್ಟ. ಅದರ ಮೇಲೆ ಡ್ರಮ್ಸು, ತುತ್ತೂರಿ, ಎಲೆಕ್ಟ್ರಿಕ್ ಗಿಟಾರಿನ ಗದ್ದಲದಲ್ಲಿ ಅದರ ಸದ್ದು ಮುಳುಗಿಹೋಗುತ್ತಿತ್ತು. 1951ರಲ್ಲಿ ಫೆಂಡರ್ ಅದನ್ನು ಹೆಗಲಿಗೆ ತಗುಲಿಹಾಕಿಕೊಳ್ಳುವಷ್ಟು ಚಿಕ್ಕದು ಮಾಡಿ, ಒಳಗೆ ಅಯಸ್ಕಾಂತ ಕೂರಿಸಿ, ಆಂಪ್ಲಿಫೈಯರಿಗೆ ವೈರು ಎಳೆದ. ಕುತ್ತಿಗೆಯ ಮೇಲೆ ಮೆಟ್ಟಿಲು ಇಟ್ಟಿದ್ದರಿಂದ ಸ್ವರ ತಪ್ಪುತ್ತಿರಲಿಲ್ಲ. ಅದಕ್ಕೇ 'ಪ್ರಿಸಿಷನ್ ಬೇಸ್' ಅಂತ ಹೆಸರು.

ಗಮನಿಸಿ, ಇಬ್ಬರ ಮುಂದೆ ಇದ್ದದ್ದು ಒಂದೇ ಪ್ರಶ್ನೆ: ಕೊನೇ ಸಾಲಿನವನಿಗೆ ಕೇಳಿಸುತ್ತಾ? ತಿರುಮಕೂಡಲಿನವರು ತಂತಿ ಸೇರಿಸಿದರು, ಫುಲ್ಲರ್ಟನ್‌ನವನು ಕರೆಂಟು ಸೇರಿಸಿದ. ವಾದ್ಯ ಅಂದರೆ ಇಷ್ಟೇ ಅಲ್ಲವಾ? ಯಾರಿಗೋ ಒಂದು ತೊಂದರೆ ಇತ್ತು, ಅದಕ್ಕೆ ಮರ, ತಂತಿಯಲ್ಲಿ ಕೊಟ್ಟ ಉತ್ತರ. ಉತ್ತರ ಚೆಂದ ಇರಬಹುದು. ಆದರೆ ಅದು ಹುಟ್ಟಿದ್ದು ತೊಂದರೆಯಿಂದ.

ಹಾಗಾಗಿ ಒಂದು ವಾದ್ಯ ನಿಂತುಹೋದಾಗ ಮೊದಲು ಕೇಳಬೇಕಾದದ್ದು, ಆ ತೊಂದರೆ ಏನಾಯಿತು ಅಂತ. ಚೌಡಯ್ಯನವರ ಕಾಲದಲ್ಲೇ ಮೈಕು ಬಂತು. ಹಿಂದಿನ ಸಾಲಿಗೆ ನಾಲ್ಕು ತಂತಿಯೇ ಕೇಳಿಸತೊಡಗಿತು. ಏಳು ತಂತಿಯ ಕಷ್ಟಕ್ಕೆ ಕಾರಣ ಉಳಿಯಲಿಲ್ಲ. ಇವತ್ತು ಕಛೇರಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ನಾಲ್ಕು ತಂತಿಯ ಪಿಟೀಲೇ. ಅವರು ತೀರಿಕೊಂಡದ್ದು 1967ರಲ್ಲಿ. 1980ರಲ್ಲಿ ಬೆಂಗಳೂರಿನಲ್ಲಿ ಅವರ ನೆನಪಿಗೆ ಪಿಟೀಲಿನ ಆಕಾರದಲ್ಲೇ ಒಂದು ಸಭಾಂಗಣ ಎದ್ದಿತು. ತಂತಿ, ಕುದುರೆ, ಬಿರಡೆ, ಕಮಾನು ಎಲ್ಲ ಇರುವ ಚೌಡಯ್ಯ ಸ್ಮಾರಕ ಭವನ. ಒಳಗೆ ಹೋದರೆ ಮೈಕು, ಸ್ಪೀಕರು. ವ್ಯಂಗ್ಯ ಅನ್ನಿಸಬಹುದು. ನನಗೆ ಅದರಲ್ಲಿ ಬೇಜಾರು ಮಾಡಿಕೊಳ್ಳುವಂಥದ್ದು ಕಾಣಲ್ಲ. ಅವರಿಗೆ ಬೇಕಾಗಿದ್ದದ್ದು ಕೊನೇ ಸಾಲಿಗೆ ಕೇಳಿಸುವುದು. ಕೇಳಿಸುತ್ತಿದೆ.

ಅಮೆರಿಕದ ಬೇಸ್ ಗಿಟಾರಿನ ಕಥೆ ಹಾಗಲ್ಲ. ಫೆಂಡರ್ ಕೇಳಿದ ಪ್ರಶ್ನೆ ಇನ್ನೂ ಜೀವಂತ ಇದೆ. ಬೇಸ್ ಗಿಟಾರ್ ಎಲ್ಲೂ ನಿಂತಿಲ್ಲ. ನಿಂತದ್ದು ಕೆಲವು ಮಾದರಿ, ಕೆಲವು ಕಾರ್ಖಾನೆ. ಅದೇ ಫೆಂಡರ್ ಕಂಪನಿ 1982ರಲ್ಲಿ ಜಪಾನಿನಲ್ಲಿ, 1987ರಲ್ಲಿ ಮೆಕ್ಸಿಕೊದ ಎನ್ಸೆನಾಡದಲ್ಲಿ ತಯಾರಿಕೆ ಶುರು ಮಾಡಿತು. ಕಾರಣ ಗುಟ್ಟೇನಲ್ಲ: ಕೂಲಿ, ಬೆಲೆ, ಪೈಪೋಟಿ. ನುಡಿಸುವವನಿಗೆ ಕಡಿಮೆ ದುಡ್ಡಿಗೆ ಒಳ್ಳೆಯ ವಾದ್ಯ ಸಿಕ್ಕಿತು. ನಮ್ಮಂಥವರ ಕೈಗೂ ಎಟುಕಿತು. 1991ಕ್ಕೆ ಮುಂಚೆ ನಮ್ಮಲ್ಲಿ ಆಮದು ಲೈಸೆನ್ಸು, ಸುಂಕದ ಗೋಡೆ ಇದ್ದ ಕಾಲದಲ್ಲಿ ಮೈಸೂರಿನ ಹುಡುಗನೊಬ್ಬ ವಿದೇಶಿ ಗಿಟಾರ್ ಮುಟ್ಟುವುದೇ ಕನಸಾಗಿತ್ತು. ಕಲ್ಕತ್ತೆಯ ಗಿವ್ಸನ್ ಸಿಕ್ಕರೆ ಅದೇ ಹಬ್ಬ. ಅಂದಮೇಲೆ "ಆಗ ಚೆನ್ನಾಗಿತ್ತು" ಅನ್ನುವ ಮಾತಿಗೆ "ಯಾರಿಗೆ?" ಅಂತ ಕೇಳಲೇಬೇಕಾಗುತ್ತದೆ.

ಹಳಹಳಿಕೆಗೆ ಇನ್ನೊಂದು ಅಭ್ಯಾಸ ಇದೆ, ಲೆಕ್ಕ ತಿದ್ದುವುದು. 1970ರ ದಶಕದ ಫೆಂಡರ್ ವಾದ್ಯಗಳನ್ನು ಆ ಕಾಲದ ವಾದಕರೇ ಬೈಯುತ್ತಿದ್ದರು. ಭಾರ ಜಾಸ್ತಿ, ಜೋಡಣೆ ಸರಿಯಿಲ್ಲ ಅಂತ. ಅವೇ ಈಗ 'ವಿಂಟೇಜ್'. ಪೀವಿ ಟಿ-40 ಅಂತೂ ಬೆಲೆ ಇಳಿಸೋಕೆ ಅಂತಲೇ ಹುಟ್ಟಿದ್ದು. ಕಂಪ್ಯೂಟರ್ ನಿಯಂತ್ರಿತ ಯಂತ್ರಗಳಿಂದ ಮರ ಕೆತ್ತುವ ದಾರಿ ಹಿಡಿದ ಮೊದಲಿಗರಲ್ಲಿ ಪೀವಿಯೂ ಒಂದು. ಅದೇ ವಾದ್ಯವನ್ನು ನಮ್ಮ ಗುಂಪಿನವನೊಬ್ಬ "ಕೈಯಿಂದ ಮಾಡ್ತಿದ್ದ ಕಾಲದ್ದು" ಅಂತ ಹೊಗಳುತ್ತಾನೆ. 1995ರಲ್ಲಿ ಫೆಂಡರ್ 'ರೆಲಿಕ್' ಅಂತ ಒಂದು ಸಾಲು ತಂದಿತು. ಹೊಸ ಗಿಟಾರಿಗೆ ಬೇಕಂತಲೇ ಗೀರು ಹಾಕಿ, ಬಣ್ಣ ಸವೆಸಿ, ಹಳೆಯದರಂತೆ ಮಾಡಿ, ಹೆಚ್ಚು ಬೆಲೆಗೆ ಮಾರುವುದು. ಇಪ್ಪತ್ತು ವರ್ಷ ಯಾರೋ ಬೆವರು ಸುರಿಸಿ ಸವೆಸಬೇಕಾದ ಜಾಗ ಕಾರ್ಖಾನೆಯಲ್ಲೇ ಸವೆದು ಬರುತ್ತದೆ.

'ಅಮೆರಿಕನ್' ಅನ್ನೋ ಹಣೆಪಟ್ಟಿಯೂ ಅಷ್ಟೇ. ಆ ಗಿಟಾರ್‌ಗಳ ಕುತ್ತಿಗೆಯ ಮೇಲೆ, ಬೆರಳು ಓಡಾಡುವ ಕಪ್ಪು ಹಲಗೆ ಇರುತ್ತದಲ್ಲ, ಬ್ರೆಜಿಲ್ಲಿನ ರೋಸ್‌ವುಡ್ ಸಿಗುವುದು ಕಷ್ಟವಾದ ಮೇಲೆ ಅದಕ್ಕೆ ಬಹಳಷ್ಟು ಬಳಕೆಯಾದದ್ದು ನಮ್ಮ ದಕ್ಷಿಣ ಭಾರತದ ಬೀಟೆ. ಮೈಸೂರಿನ ಕೆತ್ತನೆಯವರು ದಂತದ ಬಣ್ಣದ ಚೂರು ಕೂರಿಸಿ ಆನೆ, ದಸರಾ ಮೆರವಣಿಗೆ ಮಾಡುತ್ತಾರಲ್ಲ, ಅದೇ ಮರ. ಸಮುದ್ರ ದಾಟಿ ಹೋದ ಬೀಟೆ ಯಾರದ್ದೋ ಕೈಯಲ್ಲಿ ಅಮೆರಿಕನ್ ಆಗಿ ವಾಪಸ್ ಬಂದಾಗ ನಾವು ಅದಕ್ಕೆ ಕೈ ಮುಗಿಯುತ್ತೇವೆ.

ವಸ್ತುವಿನ ಮೇಲೆ ಕಣ್ಣಿಟ್ಟರೆ ಮಾಡಿದವರು ಕಾಣದೇ ಹೋಗುತ್ತಾರೆ. ಇದಕ್ಕೆ ಮೈಸೂರಿನಲ್ಲೇ ಉದಾಹರಣೆ ಇದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕು ತಯಾರಿಸಿತು. ಈಗಲೂ ಜುಲೈ ತಿಂಗಳಲ್ಲಿ ಒಂದು ಭಾನುವಾರ ಅಭಿಮಾನಿಗಳು ಹಳೇ ಬೈಕು ಹೊಳೆಯುವಂತೆ ಉಜ್ಜಿಕೊಂಡು ಬಂದು ಜಾವಾ–ಯೆಜ್ಡಿ ದಿನ ಆಚರಿಸುತ್ತಾರೆ. 2018ರಲ್ಲಿ ಜಾವಾ ಹೆಸರು ಮತ್ತೆ ಬಂತು. ಆದರೆ ಬೈಕು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೆಸರು ಬದುಕಿತು, ಟ್ಯಾಂಕಿನ ಆಕಾರ ಬದುಕಿತು. ಬೆಳಿಗ್ಗೆ ಸೈರನ್ನಿಗೆ ಸೈಕಲ್ ತುಳಿದುಕೊಂಡು ಯಾದವಗಿರಿಗೆ ಹೋಗುತ್ತಿದ್ದವರ ಕೆಲಸ ವಾಪಸ್ ಬರಲಿಲ್ಲ. ಇದರಲ್ಲಿ ಹೊಸ ಕಂಪನಿಯ ತಪ್ಪೇನೂ ಇಲ್ಲ. ನಾನು ಹೇಳುತ್ತಿರುವುದು ನಮ್ಮ ನೆನಪಿನ ಬಗ್ಗೆ. ಅದು ಸೈಲೆನ್ಸರಿನ ಸದ್ದನ್ನು ಇಟ್ಟುಕೊಂಡು ಸೈರನ್ನಿನ ಸದ್ದನ್ನು ಬಿಟ್ಟುಬಿಡುತ್ತದೆ.

ಇಲ್ಲಿವರೆಗೆ ಇದು ಬರೀ ವಿಚಾರ. ಹೋದ ವರ್ಷ ಅದು ಕೈಗೇ ಬಂತು. ಟಿ. ನರಸೀಪುರದಲ್ಲಿ ಒಬ್ಬರು ಬೇಸ್ ವಾದಕರಿದ್ದಾರೆ. ನಾನು ಅವರನ್ನು ಅಣ್ಣ ಅಂತಲೇ ಕರೆಯುವುದು. ಗೌರಿ–ಗಣೇಶ, ರಾಜ್ಯೋತ್ಸವ, ಮದುವೆ, ಬೀಗರೂಟ ಅಂತ ನಂಜನಗೂಡು, ಮೂಗೂರು, ಬನ್ನೂರು, ತಲಕಾಡಿನ ಕಡೆಯೆಲ್ಲ ಆರ್ಕೆಸ್ಟ್ರಾದಲ್ಲಿ ನುಡಿಸಿದವರು. ಅವರ ಹತ್ತಿರ ಒಂದು ಟಿ-40 ಇತ್ತು. 1990ರ ಸುಮಾರಿಗೆ, ದುಬೈ ಹೋಟೆಲಿನಲ್ಲಿ ನುಡಿಸಿ ಊರಿಗೆ ವಾಪಸ್ ಬಂದವರೊಬ್ಬರಿಂದ ಕೊಂಡದ್ದಂತೆ. ವಿಷಯ ನಮ್ಮ ಗುಂಪಿಗೆ ಗೊತ್ತಾಯಿತು. ಗೆಳೆಯನೊಬ್ಬ ಹಿಂದೆ ಬಿದ್ದ. ಅವನು ಹೇಳಲು ಹೊರಟಿದ್ದ ಬೆಲೆ, ಆ ವಾದ್ಯಕ್ಕೆ ಈಗ ಹೊರಗೆ ಸಿಗುವುದರ ಕಾಲು ಭಾಗ.

ಗೆಳೆಯನ ವಾದ ಹೀಗಿತ್ತು: "ಅವರು ನುಡಿಸ್ತಾ ಇಲ್ಲ. ಪೆಟ್ಟಿಗೇಲಿ ಬಿದ್ದಿದೆ. ನಾನು ಅದನ್ನ ರಿಪೇರಿ ಮಾಡಿಸಿ ಜೋಪಾನ ಮಾಡ್ತೀನಿ. ಅದರ ಬೆಲೆ ಏನು ಅಂತ ಗೊತ್ತಿರೋನು ನಾನು." ಕೇಳೋಕೆ ಸರಿಯಾಗೇ ಇದೆ. ಬಹಳಷ್ಟು ಹಳೇ ಮನೆಯ ಕಂಬ, ಬಾಗಿಲು, ದೇವರ ವಿಗ್ರಹ ಊರಿಂದ ಪಟ್ಟಣಕ್ಕೆ ಬಂದದ್ದು ಇದೇ ಮಾತಿನ ಮೇಲೆ. ಆದರೆ ಇದರಲ್ಲಿ ಒಂದು ಗಂಟು ಇದೆ. ಬೆಲೆ ಗೊತ್ತಿರುವುದನ್ನೇ ತನ್ನ ಹಕ್ಕಿಗೆ ಆಧಾರ ಮಾಡಿಕೊಂಡವನು, ಆ ಬೆಲೆಯನ್ನು ಎದುರಿನವನಿಗೆ ಹೇಳದೆ ಉಳಿಯುವಂತಿಲ್ಲ. ಪ್ರೀತಿ ಇದೆ ಅಂತ ಕೊಳ್ಳುವುದು, ಪ್ರೀತಿಗಿಂತ ಕಡಿಮೆ ದುಡ್ಡು ಕೊಡುವುದು, ಎರಡೂ ಒಟ್ಟಿಗೆ ನಡೆಯಲ್ಲ. ನಾನು ಅಣ್ಣನಿಗೆ ಫೋನ್ ಮಾಡಿ ಸರಿಯಾದ ಬೆಲೆ ಹೇಳಿದೆ. ಗೆಳೆಯ ಎರಡು ವಾರ ಮಾತು ಬಿಟ್ಟ, ಆಮೇಲೆ ಸರಿಯಾದ ದುಡ್ಡು ಕೊಟ್ಟೇ ತೆಗೆದುಕೊಂಡ.

ನನ್ನನ್ನು ಯೋಚನೆಗೆ ಹಚ್ಚಿದ್ದು ಬೆಲೆಯಲ್ಲ. ಗಿಟಾರ್ ತರೋಕೆ ಹೋದ ದಿನ ಅಣ್ಣ ಹೇಳಿದ ಮಾತು. "ಇಷ್ಟು ವರ್ಷ ಜೊತೇಲಿತ್ತು, ಕೊಡೋಕೆ ಬೇಜಾರಾಗಲ್ವಾ ಅಣ್ಣ?" ಅಂತ ಕೇಳಿದೆ. ಅವರು ನಕ್ಕರು.

"ಅದು ಗಿಟಾರಲ್ಲ ಕಣಪ್ಪ, ನೊಗ. ರಾತ್ರಿ ಎಲ್ಲಾ ತಗಲಾಕ್ಕಂಡು ನಿಂತ್ರೆ ಹೆಗಲು ಬಿದ್ದೋಗದು. ತಗಂಡೋಗು. ನಂಗೆ ಅದ್ರ ಚಿಂತೆ ಇಲ್ಲ. ಪ್ರೋಗ್ರಾಮ್ ನಿಂತೋಯ್ತಲ್ಲ, ಅದು ಚಿಂತೆ."

ಹೇಗೆ ನಿಂತಿತು ಅಂತ ಕೇಳಿದ್ದಕ್ಕೆ ಬೆರಳು ಮಡಿಸಿ ಲೆಕ್ಕ ಕೊಟ್ಟರು. "ಮೊದ್ಲು ಸ್ಟೇಜ್ ಮ್ಯಾಲೆ ಒಂಬತ್ತು ಜನ ಇದ್ವಿ. ಪ್ಯಾಡ್ ಬಂತು, ಡ್ರಮ್ಸ್‌ನೋನು ಹೋದ. ಕೀಬೋರ್ಡ್‌ನೋನು ಎಡಗೈಲೇ ಬೇಸ್ ಒತ್ತಕ್ಕೆ ಶುರು ಮಾಡ್ದ, ನಾನೋದೆ. ಆಮ್ಯಾಕೆ ಪೆನ್ ಡ್ರೈವ್ ಬಂತು, ಅವ್ನೂ ಹೋದ. ಈಗ ಹಾಡೋರು ಇಬ್ರು, ಲ್ಯಾಪ್‌ಟಾಪ್ ಒಂದು."

ಬಸ್ಸಿನಲ್ಲಿ ಪಕ್ಕಕ್ಕೆ ಆ ಭಾರದ ಪೆಟ್ಟಿಗೆ ಒರಗಿಸಿಕೊಂಡು ಕೂತಾಗ ನನಗೆ ನಾನೇ ಒಂದು ತಕರಾರು ಹಾಕಿಕೊಂಡೆ. ಮೈಕು ಬಂದು ಏಳು ತಂತಿ ಹೋದದ್ದಕ್ಕೆ ಬೇಜಾರಿಲ್ಲ ಅನ್ನುವವನು, ಪೆನ್ ಡ್ರೈವ್ ಬಂದು ಬೇಸ್ ವಾದಕ ಹೋದದ್ದಕ್ಕೆ ಯಾಕೆ ಬೇಜಾರು ಮಾಡಿಕೊಳ್ಳಬೇಕು? ಎರಡೂ ತಂತ್ರಜ್ಞಾನವೇ ಅಲ್ಲವಾ? ಎರಡೂ ಕೊನೇ ಸಾಲಿಗೆ ಕೇಳಿಸುತ್ತದಲ್ಲ?

ವ್ಯತ್ಯಾಸ ಇದೆ. ಮೈಕು ಚೌಡಯ್ಯನವರ ಮೂರು ತಂತಿಯನ್ನು ಅನಗತ್ಯ ಮಾಡಿತು, ಚೌಡಯ್ಯನವರನ್ನಲ್ಲ. ಅವರ ಭಾರ ಇಳಿಸಿತು, ಅವರನ್ನು ವೇದಿಕೆಯಿಂದ ಇಳಿಸಲಿಲ್ಲ. ಪೆನ್ ಡ್ರೈವ್ ಮಾಡಿದ್ದು ಇದರ ತದ್ವಿರುದ್ಧ. ಬೇಸಿನ ಸದ್ದು ಹಾಗೇ ಇದೆ, ಬಹುಶಃ ಇನ್ನೂ ಶುದ್ಧವಾಗಿದೆ. ನುಡಿಸುವವನು ಇಲ್ಲ. ಒಂದರಲ್ಲಿ ವಾದ್ಯ ಹೋಗಿ ವಾದಕ ಉಳಿದ. ಇನ್ನೊಂದರಲ್ಲಿ ವಾದಕ ಹೋಗಿ ವಾದ್ಯ ಉಳಿಯಿತು, ಉಳಿದು ಬೆಂಗಳೂರಿನ ಒಂದು ಫ್ಲ್ಯಾಟಿನ ಗೋಡೆ ಸೇರಿತು. ನಿಜವಾಗಿ ಮರುಗಬೇಕಾದದ್ದು ಎರಡನೆಯದಕ್ಕೆ. ನಮ್ಮ ಹಳಹಳಿಕೆ ಮಾತ್ರ ವಾದ್ಯದ ಹಿಂದೆ ಹೋಗುತ್ತದೆ. ಯಾಕೆಂದರೆ ವಾದ್ಯವನ್ನು ಕೊಂಡುಕೊಳ್ಳಬಹುದು, ಮನೆಯಲ್ಲಿ ಇಟ್ಟುಕೊಳ್ಳಬಹುದು. ವಾದಕನನ್ನು ಇಟ್ಟುಕೊಳ್ಳೋಕೆ ಆಗಲ್ಲ, ಕರೆಸಬೇಕಾಗುತ್ತದೆ. ಮತ್ತೆ ಮತ್ತೆ ಕರೆಸಬೇಕಾಗುತ್ತದೆ.

ಹಾಗಂತ ಲ್ಯಾಪ್‌ಟಾಪ್ ಇಟ್ಟು ಹಾಡಿಸುವವರನ್ನು ದೂರುವ ಅಧಿಕಾರ ನನಗಿಲ್ಲ. ಬೀಗರೂಟಕ್ಕೇ ಸಾಲ ಮಾಡಿರುವ ಮನೆಯವರು ಒಂಬತ್ತು ಜನರ ಆರ್ಕೆಸ್ಟ್ರಾ ಎಲ್ಲಿಂದ ತರಿಸಬೇಕು? ಇಬ್ಬರು ಬಂದು ಹಾಡಿ ಹೋದರೆ ಮಗಳ ಮದುವೆಯಲ್ಲಿ ಸಂಗೀತ ಇತ್ತು ಅಂತ ಆಯಿತು. ಮೊದಲು ಅದೂ ಇರಲಿಲ್ಲ. ಅವರು ಯಾರಿಗೂ ಏನೂ ಬಾಕಿ ಇಲ್ಲ. ಬಾಕಿ ಇರುವುದು ಹಳಹಳಿಸುವವನಿಗೆ. "ಅಂಥದ್ದನ್ನ ಈಗ ಮಾಡಲ್ಲ" ಅಂತ ಯಾರು ಹೇಳುತ್ತಾನೋ, ಇದು ತನಗೆ ಮುಖ್ಯ ಅಂತ ಯಾರು ಸಾರುತ್ತಾನೋ, ಅವನ ಮೇಲೆ ಮಾತ್ರ ಋಣ ಬೀಳುತ್ತದೆ. ಪ್ರೀತಿಸುತ್ತೇನೆ ಅನ್ನೋದು ಒಂದು ಹೇಳಿಕೆ. ಹೇಳಿಕೆ ಕೊಟ್ಟವನು ಅದರ ಖರ್ಚು ಹೊರಬೇಕು.

ನಮ್ಮೂರಿನ ರಸಬಾಳೆಯ ವಿಷಯದಲ್ಲಿ ಇದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ನಂಜನಗೂಡು ರಸಬಾಳೆ ಅಂದರೆ ಎಲ್ಲರೂ ಲೊಚಗುಟ್ಟುತ್ತಾರೆ. "ಆ ವಾಸನೆ, ಆ ರುಚಿ ಈಗೆಲ್ಲಿ?" ಪನಾಮ ಸೊರಗುರೋಗ ಬಿದ್ದು ತೋಟಗಳು ಹಾಳಾದದ್ದು ನಿಜ. ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದೂ ನಿಜ. ಆದರೂ ಒಂದಿಷ್ಟು ರೈತರು ಹಟ ಹಿಡಿದು ಬೆಳೆಯುತ್ತಿದ್ದಾರೆ. ರೋಗದ ಭಯ ಹೊತ್ತುಕೊಂಡು ಬೆಳೆದ ಆ ಹಣ್ಣಿಗೆ ಬೆಲೆ ಹೇಳಿದಾಗ, "ಯಾಲಕ್ಕಿ ಬಾಳೆ ಇದಕ್ಕಿಂತ ಸಸ್ತಾ ಅಲ್ವಾ" ಅನ್ನುವವರೂ ಲೊಚಗುಟ್ಟಿದವರೇ. ನೆನಪಿಗೆ ಖರ್ಚಿಲ್ಲ, ಹಣ್ಣಿಗಿದೆ.

ಹಾಗಾದರೆ ಏನು ಮಾಡಬೇಕು? ನನ್ನ ಲೆಕ್ಕ ಸಣ್ಣದು. ಹಳೇ ವಾದ್ಯ ಕೊಳ್ಳಬೇಡಿ ಅಂತ ಹೇಳುತ್ತಿಲ್ಲ. ಕೊಳ್ಳಿ, ನ್ಯಾಯವಾದ ಬೆಲೆ ಕೊಡಿ, ಗೋಡೆಗೆ ಹಾಕದೆ ನುಡಿಸಿ. ಆದರೆ ಅದರ ಜೊತೆಗೆ, ಆ ವಾದ್ಯ ಯಾವ ಕೆಲಸಕ್ಕೆ ಹುಟ್ಟಿತ್ತೋ ಆ ಕೆಲಸ ಇನ್ನೂ ಮಾಡುತ್ತಿರುವವರು ಹತ್ತಿರದಲ್ಲಿ ಯಾರಿದ್ದಾರೆ ಅಂತ ಹುಡುಕಿ. ನಾವು ಒಂದು ಹಳೇ ಬೇಸಿಗೆ ಸುರಿಯುವ ದುಡ್ಡಿನಲ್ಲಿ ಒಂದು ಆರ್ಕೆಸ್ಟ್ರಾಕ್ಕೆ ಬೇಸ್ ವಾದಕನನ್ನು ಹಲವು ಸಂಜೆ ಸೇರಿಸಬಹುದು. ಶನಿವಾರದ ಬಾಡಿಗೆ ರೂಮಿಗೆ ಅಂಥವರೊಬ್ಬರನ್ನು ದುಡ್ಡು ಕೊಟ್ಟು ಕರೆಸಿ ಕಲಿಯಬಹುದು. ಯೂಟ್ಯೂಬ್‌ನಲ್ಲಿ ಸಿಗದ ಪಾಠ ಅವರ ಹತ್ತಿರ ಇದೆ. ಹಾಡುವವನು ಶ್ರುತಿ ತಪ್ಪಿದಾಗ ಬೇಸ್ ಹಿಡಿದವನು ಅವನನ್ನು ಹೇಗೆ ಮೆಲ್ಲಗೆ ದಾರಿಗೆ ತರಬೇಕು, ಕರೆಂಟು ಹೋಗಿ ಜನರೇಟರ್ ಶುರುವಾಗುವವರೆಗೆ ಏನು ಮಾಡಬೇಕು, ಮಕ್ಕಳು ಕುಣಿಯೋಕೆ ಶುರು ಮಾಡಿದರೆ ಹಾಡನ್ನು ಎಷ್ಟು ಎಳೆಯಬೇಕು. ಪೆನ್ ಡ್ರೈವಿಗೆ ಇವು ಯಾವುವೂ ಗೊತ್ತಿಲ್ಲ. ಅದು ಜನರನ್ನು ನೋಡಲ್ಲ.

ಈ ಸಲ ನಮ್ಮ ಅಪಾರ್ಟ್‌ಮೆಂಟಿನ ರಾಜ್ಯೋತ್ಸವ ಸಮಿತಿಯಲ್ಲಿ ಈ ಮಾತು ಎತ್ತಿದ್ದೇನೆ. ಟ್ರ್ಯಾಕ್ ಹಾಕಿ ಹಾಡುವವರ ಬದಲು, ನಂಜನಗೂಡು–ನರಸೀಪುರ ಕಡೆಯ ವಾದಕರನ್ನು ಸೇರಿಸಿ ಪೂರ್ತಿ ಆರ್ಕೆಸ್ಟ್ರಾ ಕರೆಸೋಣ, ಖರ್ಚು ಜಾಸ್ತಿ ಆಗುತ್ತದೆ, ಮನೆಗೆ ಇಷ್ಟು ಅಂತ ಹಂಚಿಕೊಳ್ಳೋಣ ಅಂತ. ಇನ್ನೂ ತೀರ್ಮಾನ ಆಗಿಲ್ಲ. ಖಜಾಂಚಿ ಒಳ್ಳೆಯ ಮನುಷ್ಯರು, ಲೆಕ್ಕದಲ್ಲಿ ಬಿಗಿ. ಅವರು ಕೇಳಿದ ಪ್ರಶ್ನೆ ನೇರವಾಗಿತ್ತು: "ಎಲ್ಲಾ ಸರಿ ಸಾರ್, ಆದ್ರೆ ಬೇಸ್ ಗಿಟಾರ್‌ನೋರು ಇಲ್ಲದಿದ್ರೆ ಯಾರಿಗೆ ಗೊತ್ತಾಗುತ್ತೆ?"

ಯಾರಿಗೂ ಗೊತ್ತಾಗಲ್ಲ ಅಂತಲೇ ಹೇಳಿದೆ. 1927ರಲ್ಲಿ ಚಪ್ಪರದ ಕೊನೇ ಸಾಲಿನಲ್ಲಿ ಕೂತಿದ್ದವನಿಗೂ ತನಗೆ ಏನು ಕೇಳಿಸುತ್ತಿಲ್ಲ ಅನ್ನೋದು ಗೊತ್ತಿರಲಿಲ್ಲ. ಅವನೇನೂ ದೂರು ಕೊಟ್ಟಿರಲಿಲ್ಲ. ಗೊತ್ತಿದ್ದದ್ದು ನುಡಿಸುವವರಿಗೆ, ಅದಕ್ಕೇ ಅವರು ಮೂರು ತಂತಿ ಜಾಸ್ತಿ ಕಟ್ಟಿದರು.